ಸಿಪ್ಪೆ ಬೀದಿಗೇಕೆ, ಹಂಡೆಯ ಒಲೆಗಿರಲಿ



ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರದ ಕಡೆ ಮನೆ ಬೆಚ್ಚಗಿಡುವ ಖರ್ಚು ನಮಗಿಲ್ಲ. ಮಾಗಿಯಲ್ಲಿ ಕೈ ಕಚ್ಚುವುದು ಬಚ್ಚಲಿನ ಬಿಸಿನೀರು. 20 ಲೀಟರಿನ ಬಕೆಟ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. ಐದು ಜನರ ಮನೆಗೆ ದಿನಕ್ಕೊಂದು ಸ್ನಾನವೆಂದರೂ ತಿಂಗಳಿಗೆ 75 ಯೂನಿಟ್.

2023ರಲ್ಲಿ ಬಂದ ಗೃಹಜ್ಯೋತಿ ಇದೆಯಲ್ಲ ಎನ್ನಬಹುದು. ಅದರಲ್ಲಿ ಪುಕ್ಕಟೆ ಸಿಗುವುದು ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪವೇ ಹೆಚ್ಚು. ಮೀರಿದ್ದಕ್ಕೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ನಮ್ಮದು.

ಇತ್ತ ಅಡಿಕೆ ಸುಲಿಯುವುದೂ ಇದೇ ಚಳಿಯಲ್ಲಿ. ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಇಡುತ್ತೇವೆ. ಒಳಗೆ ಗೀಸರಿಗೆ ದುಡ್ಡು ತೆರುತ್ತೇವೆ. ಇದೆಂಥ ಲೆಕ್ಕ? ಗೊಬ್ಬರಕ್ಕೆ ಕೊಳೆಸುವವರು ಕೊಳೆಸಲಿ; ಸುಡುವವರು ಹಂಡೆಯ ಕೆಳಗೆ ಸುಡಲಿ. ತೆಂಗಿನ ಮಟ್ಟೆಯೂ ಜೊತೆಗಿರಲಿ.

ಆದರೆ ಚೆನ್ನಾಗಿ ಒಣಗಿಸಿ, ಸೂರಿನಡಿ ಕೂಡಿಡಿ. ಹಸಿ ಸಿಪ್ಪೆ ಉರಿಗಿಂತ ಹೊಗೆಯನ್ನೇ ಕೊಡುತ್ತದೆ. ಆ ಹೊಗೆ ಕುಡಿಯುವವರು ನಮ್ಮ ಮನೆಯ ಹೆಂಗಸರು. ಒಲೆಗೆ ಹೊಗೆಕೊಳವೆ ಹಾಕಿಸಿ. ಕೆಂಡದ ಬಾಂಡಲಿಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಬೇಡಿ. ವಾಸನೆಯಿಲ್ಲದ ವಿಷಾನಿಲ ನಿದ್ರೆಯಲ್ಲೇ ಪ್ರಾಣ ತೆಗೆಯುತ್ತದೆ. ಉಳಿದ ಬೂದಿ ಮರದ ಬುಡಕ್ಕೆ ಹೋಗಲಿ.