ಕಾಯಿಲೆ ಒಂದು, ವಿಭಾಗಗಳು ನಾಲ್ಕು

ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೃಷಿಕರ ಗಮನ ಸೊಪ್ಪಿನ ಬೆಟ್ಟದ ಕಡೆಗೆ ತಿರುಗುತ್ತದೆ. ಉದುರಿದ ತರಗೆಲೆಯನ್ನು ಗುಡಿಸಿ, ಹೊರೆ ಕಟ್ಟಿ ತಂದು ಕೊಟ್ಟಿಗೆಗೆ ಹಾಸಬೇಕು. ಅದು ಸಗಣಿ ಗಂಜಳದೊಡನೆ ಬೆರೆತು ಗೊಬ್ಬರವಾಗಿ ತೋಟ ಸೇರಬೇಕು. ತಲೆಮಾರುಗಳಿಂದ ನಡೆದುಬಂದಿರುವ ಈ ಕೆಲಸ ಹೆಚ್ಚಾಗಿ ನಡೆಯುವುದು ಜನವರಿಯಿಂದ ಮಾರ್ಚ್‌ವರೆಗೆ. ಇದೇ ತಿಂಗಳುಗಳಲ್ಲಿ ಅದೇ ತರಗೆಲೆಯ ನಡುವೆ ಸಾಸಿವೆಗಿಂತ ಚಿಕ್ಕದಾದ ಮರಿ ಉಣುಗುಗಳು ಅತಿ ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಮಂಗನ ಕಾಯಿಲೆಯ ವೈರಾಣುವನ್ನು ಮನುಷ್ಯನಿಗೆ ದಾಟಿಸುವುದು ಮುಖ್ಯವಾಗಿ ಈ ಮರಿಗಳೇ.

ಹಾಗಾದರೆ ಮಂಗನ ಕಾಯಿಲೆ ಯಾವ ಶಾಸ್ತ್ರಕ್ಕೆ ಸೇರಿದ ವಿಷಯ? ಜ್ವರವಾದ್ದರಿಂದ ವೈದ್ಯಶಾಸ್ತ್ರಕ್ಕೆ ಎನ್ನಬಹುದು. ಗೊಬ್ಬರಕ್ಕಾಗಿ ಬೆಟ್ಟ ಹತ್ತುವುದರಿಂದ ಕೃಷಿವಿಜ್ಞಾನಕ್ಕೂ ಸೇರಿದ್ದು. ಯಾರ ಬೆಟ್ಟದಲ್ಲಿ ಯಾರು ಕೂಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಸಮಾಜವಿಜ್ಞಾನದ್ದು. ಮುಂದಿನ ವರ್ಷ ಕಾಯಿಲೆ ಯಾವ ಊರಿನಲ್ಲಿ ಕಾಣಿಸಿಕೊಳ್ಳಬಹುದು ಎಂಬುದು ಗಣಿತದ ಪ್ರಶ್ನೆ. ವಿಶ್ವವಿದ್ಯಾಲಯಗಳಲ್ಲಿ ಈ ನಾಲ್ಕೂ ಬೇರೆ ಬೇರೆ ಕಟ್ಟಡಗಳಲ್ಲಿವೆ. ಉಣುಗು ಕಚ್ಚುವುದಾದರೋ ಒಂದೇ ಕಾಲನ್ನು.

ಕಾಯಿಲೆಯ ಅಧ್ಯಯನದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಅದು ಹಳದಿ ಜ್ವರವಿರಬಹುದೆಂಬ ಶಂಕೆ ಮೂಡಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದು ಅಲ್ಲಿಯವರೆಗೆ ಯಾರೂ ಗುರುತಿಸದಿದ್ದ ವೈರಾಣು ಎಂದು ಕಂಡುಕೊಂಡರು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಾಣುವಿಗೆ ಇದು ಹತ್ತಿರದ ಸಂಬಂಧಿಯಾದುದರಿಂದ, ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆಯೂ ಎದ್ದಿತು. ಆದರೆ 1969ರಲ್ಲಿ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ಗಮನವನ್ನು ಈ ನೆಲದ ಕಡೆಗೇ ತಿರುಗಿಸಿದರು. ಜನಸಂಖ್ಯೆ ಹೆಚ್ಚಿ, ಕಾಡು ಕಡಿದು, ಜಾನುವಾರುಗಳು ಕಾಡಿನಂಚಿನಲ್ಲಿ ಮೇಯತೊಡಗಿದಾಗ ಉಣುಗುಗಳು ಪೆಚ್ಚಿದವು, ಮೊದಲೇ ಕಾಡಿನಲ್ಲಿದ್ದ ವೈರಾಣು ಮನುಷ್ಯನವರೆಗೆ ಬಂದಿತು ಎಂಬುದು ಅವರ ವಾದದ ತಿರುಳು.

ಬೆಳ್ತಂಗಡಿ ತಾಲ್ಲೂಕಿನಲ್ಲಿ 1980ರ ದಶಕದ ಆರಂಭದಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬಳಿಕ ಕಾಯಿಲೆ ಭೀಕರವಾಗಿ ಹರಡಿತು. ಅಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದರು. ಸೂಕ್ಷ್ಮದರ್ಶಕ ಹೇಳಲಾಗದ ಮಾತನ್ನು ಸಮಾಜವಿಜ್ಞಾನ ಹೇಳಿದ ಸಂದರ್ಭವಿದು.

ಗಣಿತವೂ ಹಿಂದುಳಿದಿಲ್ಲ. ಭಾರತ ಮತ್ತು ವಿದೇಶಗಳ ಪರಿಸರ, ಪಶುವೈದ್ಯ ಹಾಗೂ ಸಾರ್ವಜನಿಕ ಆರೋಗ್ಯ ತಜ್ಞರು ಆರೋಗ್ಯ ಇಲಾಖೆಯೊಡನೆ ಸೇರಿ ಕಾಯಿಲೆಯ ಅಪಾಯವಿರುವ ಪ್ರದೇಶಗಳನ್ನು ಗುರುತಿಸುವ ಗಣಿತ ಮಾದರಿಯೊಂದನ್ನು ರೂಪಿಸಿ 2020ರಲ್ಲಿ ಪ್ರಕಟಿಸಿದರು. ತೇವಭರಿತ ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಒಂದರೊಳಗೊಂದು ಹೆಣೆದುಕೊಂಡಿರುವ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು ಎಂಬುದು ಅದರ ಮುಖ್ಯ ಫಲಿತಾಂಶ. ಈ ಮೂರು ತಾಲ್ಲೂಕುಗಳ ಯಾವುದೇ ಊರಿನ ದಿಬ್ಬದ ಮೇಲೆ ನಿಂತು ನೋಡಿದರೆ ಕಾಣುವುದು ಇದೇ ಚಿತ್ರ.

ಆದರೆ ಲೆಕ್ಕಕ್ಕೂ ಮಿತಿಯಿದೆ ಎಂಬುದನ್ನು ಮರೆಯಬಾರದು. ದನ ಹೆಚ್ಚಿರುವಲ್ಲಿ ಅಪಾಯ ಹೆಚ್ಚು ಎಂದಾಕ್ಷಣ ಮಲೆನಾಡು ಗಿಡ್ಡವನ್ನು ಹಟ್ಟಿಯಿಂದ ಹೊರಹಾಕಬೇಕೆಂದು ಅರ್ಥವಲ್ಲ. ದನದ ಮೈಯಲ್ಲಿ ದೊಡ್ಡ ಉಣುಗುಗಳು ರಕ್ತ ಹೀರಿ ಬೆಳೆಯುತ್ತವೆ, ನಿಜ. ಆದರೆ ವೈರಾಣುವನ್ನು ವೃದ್ಧಿಸಿ ಹರಡುವ ಪ್ರಾಣಿ ದನವಲ್ಲ. ದನವಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಬೆಟ್ಟದ ಗೊಬ್ಬರಕ್ಕೆ ಬದಲಾಗಿ ಪೇಟೆಯ ರಸಗೊಬ್ಬರ ತಂದರೆ ಮಣ್ಣಿನ ಗತಿಯೇನು, ಸಣ್ಣ ಹಿಡುವಳಿದಾರನ ಸಾಲದ ಗತಿಯೇನು? ನಕ್ಷೆ ಅಪಾಯದ ಜಾಗವನ್ನು ತೋರಿಸಬಲ್ಲದು. ಅಲ್ಲಿ ಬದುಕುವ ಬಗೆಯನ್ನು ಹೇಳಲು ಕೃಷಿ ತಜ್ಞನೂ ಸಮಾಜವಿಜ್ಞಾನಿಯೂ ಬೇಕು.

ಕಾಡಿಗೆ ಹೋಗಬೇಡಿ ಎಂಬ ಎಚ್ಚರಿಕೆಯ ಸ್ಥಿತಿಯೂ ಇದೇ. ಸ್ವಂತ ಬೆಟ್ಟವಿರುವ ಮನೆಯವರು ಒಂದು ವರ್ಷ ತರಗೆಲೆ ತಾರದೆ ನಿಭಾಯಿಸಬಹುದು. ದಿನಗೂಲಿಗೆ ಸೌದೆ, ಸೊಪ್ಪು ಹೊರುವ ಹೆಂಗಸಿಗೆ ಆ ಅವಕಾಶವೆಲ್ಲಿದೆ? ಮೈಗೆ ಎಣ್ಣೆ ಸವರಿಕೊಂಡು ಹೋಗಿ, ಬಂದೊಡನೆ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಒಗೆಯಿರಿ ಎಂಬ ಸಲಹೆ ಸರಿಯಾದದ್ದೇ. ಅದನ್ನು ಪಾಲಿಸಲು ಎಣ್ಣೆ ಸಕಾಲದಲ್ಲಿ ಕೈಸೇರಬೇಕು, ಬಚ್ಚಲಿಗೆ ಸೌದೆ ಇರಬೇಕು, ಬದಲಿಸಲು ಇನ್ನೊಂದು ಜೊತೆ ಬಟ್ಟೆ ಇರಬೇಕು.

ಲಸಿಕೆಯ ಕಥೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಗಣಿತದ ಪಾಠವಿದೆ. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು, ಎರಡು ಸುತ್ತು ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ. 62 ಎಂದೂ, ವರ್ಧಕ ಸುತ್ತನ್ನೂ ಪಡೆದವರಲ್ಲಿ ಶೇ. 83 ಎಂದೂ 2013ರಲ್ಲಿ ವರದಿ ಮಾಡಿತು. ಅಂದರೆ ಲಸಿಕೆಯಿಲ್ಲದೆ ನೂರು ಮಂದಿಗೆ ಕಾಯಿಲೆ ಬರಬಹುದಾಗಿದ್ದ ಕಡೆ, ಎಲ್ಲರೂ ಎರಡು ಸುತ್ತು ಪಡೆದಿದ್ದರೂ ಮೂವತ್ತೆಂಟು ಮಂದಿಗೆ ಬರುತ್ತಿತ್ತು. ಊರಿನವರು ಕಂಡದ್ದು ಚುಚ್ಚಿಸಿಕೊಂಡೂ ಮಲಗಿದ ಈ ಮೂವತ್ತೆಂಟು ಮಂದಿಯನ್ನು. ಉಳಿದುಕೊಂಡ ಅರವತ್ತೆರಡು ಮಂದಿ ಯಾರ ಕಣ್ಣಿಗೂ ಬೀಳುವುದಿಲ್ಲ. ನೋವಿನ ಚುಚ್ಚುಮದ್ದಿನ ಬಗ್ಗೆ ಜನರಲ್ಲಿ ಬೆಳೆದ ಅಪನಂಬಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಲೆಕ್ಕವನ್ನು ಅವರ ಜಗುಲಿಯಲ್ಲಿ ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳಿದವರು ಎಷ್ಟು ಮಂದಿ? ಸಾಮರ್ಥ್ಯ ಕುಂದಿದ ಆ ಹಳೆಯ ಲಸಿಕೆಯ ಬಳಕೆ 2022ರ ವೇಳೆಗೆ ನಿಂತಿತು. ಹೊಸ ಲಸಿಕೆಯನ್ನು ರೂಪಿಸುವ ಕೆಲಸ ನಡೆದಿದೆ. ಅದು ಊರು ತಲುಪುವ ಮುನ್ನ ಈ ಸಂವಾದ ಆರಂಭವಾಗದಿದ್ದರೆ ಹಳೆಯ ಅಪನಂಬಿಕೆಯೇ ಅದನ್ನು ಬಾಗಿಲಲ್ಲಿ ಎದುರುಗೊಳ್ಳುತ್ತದೆ.

2018ರ ಕೊನೆಯಲ್ಲಿ ಆರಂಭವಾಗಿ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವು ಜೀವಗಳನ್ನು ಬಲಿ ತೆಗೆದುಕೊಂಡ ಕಾಯಿಲೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಮೊದಲು ಸತ್ತ ಮಂಗವನ್ನು ಕಾಣುವವರು ವಿಜ್ಞಾನಿಗಳಲ್ಲ, ದನ ಕಾಯುವವರು, ಶಾಲೆಗೆ ನಡೆದು ಹೋಗುವ ಮಕ್ಕಳು. ಆ ಮಾಹಿತಿ ಪ್ರಯೋಗಾಲಯ ತಲುಪುವುದಕ್ಕೆ ಹಿಡಿಯುವ ಒಂದೊಂದು ದಿನವೂ ಮನುಷ್ಯರ ಲೆಕ್ಕದಲ್ಲಿ ದುಬಾರಿ.

ಪ್ರತಿಯೊಂದು ಶಾಸ್ತ್ರಕ್ಕೂ ತನ್ನದೇ ಆಳವಿದೆ, ಎಲ್ಲರೂ ಎಲ್ಲವನ್ನೂ ಅರಿಯಲಾರರು ಎಂಬ ವಾದವನ್ನು ಅಲ್ಲಗಳೆಯಲಾಗದು. ವಿಭಾಗಗಳನ್ನು ಮುಚ್ಚಬೇಕೆಂದು ಯಾರೂ ಕೇಳುತ್ತಿಲ್ಲ. ಅವು ಒಂದೇ ಊರಿನಲ್ಲಿ ಕೂಡಬೇಕೆಂಬುದಷ್ಟೇ ಇಲ್ಲಿನ ಅಪೇಕ್ಷೆ. ಅದಕ್ಕೆ ಬೇಕಾದುದು ದೂರದಲ್ಲೇನೂ ಇಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಕೆಳದಿ ಶಿವಪ್ಪ ನಾಯಕನ ಹೆಸರಿನಲ್ಲಿದೆ. 1987ರಲ್ಲಿ ಸ್ಥಾಪನೆಯಾದ ಶಂಕರಘಟ್ಟದ ವಿಶ್ವವಿದ್ಯಾಲಯ ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು ಅವರ ಹೆಸರಿನಲ್ಲಿದೆ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜೂ ಪಶುವೈದ್ಯಕೀಯ ಕಾಲೇಜೂ ಇವೆ. ಈ ನೆಲದ ಹೆಸರು ಹೊತ್ತ ಸಂಸ್ಥೆಗಳು ಈ ನೆಲದ ಕಾಯಿಲೆಗೆ ಒಂದು ಸಮಾನ ಪ್ರಶ್ನೆಪತ್ರಿಕೆಯನ್ನು ತಯಾರಿಸಲಾರವೇ?

ಪ್ರಶ್ನೆಗಳು ಸಿದ್ಧವಾಗಿಯೇ ಇವೆ. ತರಗೆಲೆ ಗುಡಿಸುವ ಕಾಲವನ್ನು ಹಿಂದುಮುಂದು ಮಾಡಿದರೆ ಅಪಾಯ ತಗ್ಗುವುದೇ? ತೋಟದ ಅಡಿಕೆ ಸೋಗೆ, ಹಾಳೆಗಳನ್ನೇ ಕೊಳೆಸಿ ಬೆಟ್ಟದ ಅವಲಂಬನೆಯನ್ನು ಎಷ್ಟು ಕಡಿಮೆ ಮಾಡಬಹುದು? ಹಾಗೆ ಮಾಡಿದರೆ ಕೂಲಿ ಕಳೆದುಕೊಳ್ಳುವವರಿಗೆ ಏನು ದಾರಿ? ಇವುಗಳಲ್ಲಿ ಯಾವುದಕ್ಕೂ ಒಂದೇ ವಿಭಾಗದಲ್ಲಿ ಉತ್ತರವಿಲ್ಲ.

ಉತ್ತರ ದೊರೆತಾಗ ಅದು ಇಂಗ್ಲಿಷಿನ ಪತ್ರಿಕೆಯಲ್ಲಿ ಅಚ್ಚಾಗಿ ನಿಲ್ಲಬಾರದು. ಯಾರ ರಕ್ತದ ಮಾದರಿ, ಯಾರ ಬೆಟ್ಟದ ಉಣುಗು, ಯಾರ ಮನೆಯ ಸಾವು ಆ ಸಂಶೋಧನೆಗೆ ಅಂಕಿಗಳಾದವೋ ಅವರ ಗ್ರಾಮಸಭೆಗೆ ಅದು ಕನ್ನಡದಲ್ಲಿ ಮರಳಿ ಬರಬೇಕು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಸತ್ತ ಮಂಗದ ದಿನ, ಜಾಗಗಳನ್ನು, ಹತ್ತಿರ ಹೋಗದೆ, ಮುಟ್ಟದೆ, ಒಂದು ಪುಸ್ತಕದಲ್ಲಿ ಬರೆದಿಟ್ಟು ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸುವ ಕೆಲಸವನ್ನು ಈ ಬೇಸಿಗೆಯಿಂದಲೇ ಆರಂಭಿಸಬಹುದು. ಅದಕ್ಕೆ ಯಾವ ವಿಭಾಗದ ಅನುಮತಿಯೂ ಬೇಕಾಗಿಲ್ಲ.