ಬಲ್ಬ್ ಉರಿದರೆ ಸಾಕಾ? ಮೋಟರ್ ಓಡಬೇಕಲ್ಲ!

ಈಗ ನಮ್ಮ ಕ್ಯಾಂಪಸ್‌ನಲ್ಲಿ ಯಾವ ಪ್ರಾಜೆಕ್ಟ್ ನೋಡಿದರೂ ಹಿಂದೆ ಒಂದು ಎಐ ಮಾಡೆಲ್ ಇದ್ದೇ ಇರುತ್ತೆ. ಕೆಲವರದ್ದು ಕ್ಲೌಡ್ ಎಪಿಐ, ಕೆಲವರದ್ದು ಲ್ಯಾಬ್ ಕಂಪ್ಯೂಟರ್‌ನಲ್ಲಿ ಓಡೋ ಓಲಾಮಾ. ಡೆಮೋ ದಿನ ಸ್ಕ್ರೀನ್ ಮೇಲೆ ಆ ಸುತ್ತೋ ಚಕ್ರ ನಿಲ್ಲೋದೇ ಇಲ್ಲ. "ನೆಟ್ ಸ್ಲೋ ಇದೆ ಸರ್" ಅಂತೀವಿ. ಆದರೆ ನಿಜವಾಗಿ ಏನಾಗಿದೆ ಅಂತ ಆ ಕ್ಷಣದಲ್ಲಿ ಟೀಮ್‌ನಲ್ಲಿ ಯಾರಿಗೂ ಗೊತ್ತಿರಲ್ಲ. ನನ್ನ ವಾದ ಸರಳ: ಮಾಡೆಲ್ ಕೆಲಸ ಮಾಡ್ತಿದೆಯಾ ಅಂತ ಬೇಕಾದಾಗ ಒಂದು ಬಟನ್ ಒತ್ತಿ ಕೇಳೋ ವ್ಯವಸ್ಥೆ ಪ್ರತಿ ಪ್ರಾಜೆಕ್ಟ್‌ನಲ್ಲೂ ಇರಬೇಕು, ಆ ಬಟನ್ ಸುಳ್ಳು ಹೇಳಬಾರದು.

ಸುಳ್ಳು ಅಂದರೆ ಏನು ಅಂತ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಬಲ್ಬ್ ಉರೀತಿದೆ ಅಂದ ಮಾತ್ರಕ್ಕೆ ಹೊಲದ ಮೋಟರ್ ಓಡಲ್ಲ. ಬಲ್ಬಿಗೆ ಸಿಂಗಲ್ ಫೇಸ್ ಸಾಕು, ಪಂಪ್‌ಸೆಟ್‌ಗೆ ತ್ರೀ ಫೇಸ್ ಬೇಕು. ಮೂರರಲ್ಲಿ ಒಂದು ಫೇಸ್ ಹೋದಾಗ ಮೋಟರ್ ಚಾಲೂ ಮಾಡಿದರೆ ಅದು ಗುಂಯ್ ಅನ್ನುತ್ತೆ, ಬಿಸಿಯಾಗುತ್ತೆ, ಕೊನೆಗೆ ವೈಂಡಿಂಗ್ ಸುಟ್ಟುಹೋಗುತ್ತೆ. ಅದಕ್ಕೇ ಸ್ಟಾರ್ಟರ್ ಡಬ್ಬಿ ಮೇಲೆ ಕೆಂಪು, ಹಳದಿ, ನೀಲಿ ಅಂತ ಮೂರು ದೀಪ ಇಡ್ತಾರೆ. ಈಗಂತೂ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಬಂದಿದೆ. ಮನೆಯಲ್ಲೇ ಕೂತು ಫೋನ್ ಹಚ್ಚಿದರೆ ಕರೆಂಟ್ ಐತೋ ಇಲ್ಲೋ, ಮೋಟರ್ ಚಾಲೂ ಐತೋ ಬಂದ್ ಐತೋ ಅಂತ ಅದೇ ಹೇಳುತ್ತೆ. ನಾವು ಕ್ಲಾಸಿನಲ್ಲಿ "ಆನ್ ಡಿಮ್ಯಾಂಡ್ ಹೆಲ್ತ್ ಚೆಕ್" ಅಂತ ಓದೋದು ಇದನ್ನೇ!

ನಮ್ಮ ಸಾಫ್ಟ್‌ವೇರ್‌ನಲ್ಲಿ ಬಲ್ಬ್ ಯಾವುದು, ಮೋಟರ್ ಯಾವುದು? ಓಲಾಮಾದ ಪೋರ್ಟ್ 11434 ಅನ್ನು ಬ್ರೌಸರ್‌ನಲ್ಲಿ ತೆರೆದರೆ "ಓಲಾಮಾ ಓಡ್ತಿದೆ" ಅನ್ನೋ ಅರ್ಥದ ಒಂದು ಸಾಲು ಬರುತ್ತೆ. ಅದು ಬಲ್ಬ್. ಪ್ರೋಗ್ರಾಂ ಜೀವಂತ ಇದೆ ಅಂತಷ್ಟೇ ಅದರ ಅರ್ಥ. ನಮಗೆ ಬೇಕಾದ ಮಾಡೆಲ್ ಡೌನ್‌ಲೋಡ್ ಆಗಿದೆಯಾ, ಮೆಮೊರಿಗೆ ಲೋಡ್ ಆಗುತ್ತಾ, ಉತ್ತರ ಕೊಡುತ್ತಾ ಅಂತ ಅದು ಹೇಳಲ್ಲ. ಲಾಮಾ ಸಿಪಿಪಿ ಸರ್ವರ್ ಸ್ವಲ್ಪ ಪ್ರಾಮಾಣಿಕ. ಮಾಡೆಲ್ ಇನ್ನೂ ಲೋಡ್ ಆಗ್ತಿದ್ದರೆ ಅದರ ಹೆಲ್ತ್ ಎಂಡ್‌ಪಾಯಿಂಟ್ 503 ಕೊಡುತ್ತೆ, ರೆಡಿ ಆದಮೇಲೆ 200 ಕೊಡುತ್ತೆ. ಕುಬರ್ನೆಟಿಸ್‌ನಲ್ಲೂ ಇದಕ್ಕೇ ಲೈವ್‌ನೆಸ್ ಬೇರೆ, ರೆಡಿನೆಸ್ ಬೇರೆ. ಬದುಕಿರೋದು ಒಂದು, ಕೆಲಸಕ್ಕೆ ತಯಾರಿರೋದು ಇನ್ನೊಂದು.

ಆದರೆ 200 ಬಂದರೂ ನನಗೆ ಸಾಕಾಗಲ್ಲ. ನಿಜವಾದ ಪರೀಕ್ಷೆ ಅಂದರೆ ಒಂದು ಪುಟ್ಟ ಪ್ರಶ್ನೆ ಕೇಳಿ, ಉತ್ತರ ಬಂತಾ, ಎಷ್ಟು ಸೆಕೆಂಡಿಗೆ ಬಂತು ಅಂತ ನೋಡೋದು. ಕನ್ನಡದ ಆ್ಯಪ್ ಆದರೆ ಆ ಪ್ರಶ್ನೆ ಕನ್ನಡದಲ್ಲೇ ಇರಬೇಕು. ಯಾಕೆಂದರೆ ಯುಟಿಎಫ್-8ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಆದರೆ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ಎಷ್ಟೋ ಮಾಡೆಲ್‌ಗಳ ಟೋಕನೈಸರ್ ಕನ್ನಡವನ್ನು ಚೂರು ಚೂರು ಮಾಡುತ್ತೆ. ಅದೇ ಮಾತಿಗೆ ಇಂಗ್ಲಿಷ್‌ಗಿಂತ ಹೆಚ್ಚು ಟೋಕನ್, ಹೆಚ್ಚು ಸಮಯ. "ಹಲೋ"ಗೆ ತಕ್ಷಣ ಉತ್ತರ ಕೊಡೋ ಬ್ಯಾಕೆಂಡ್ ಕನ್ನಡದ ಪ್ರಶ್ನೆಗೆ ಟೈಮ್‌ಔಟ್ ಆಗಬಹುದು. ದೊಡ್ಡ ಮಾಡೆಲ್ ಕೈಕೊಟ್ಟಾಗ ಸದ್ದಿಲ್ಲದೆ ಚಿಕ್ಕ ಮಾಡೆಲ್‌ಗೆ ಹೋಗೋ ಹಾಗೆ ಕೋಡ್ ಬರೆದಿದ್ದರಂತೂ ಇನ್ನೂ ಕಷ್ಟ. ಎಲ್ಲಾ ಹಸಿರು ತೋರಿಸುತ್ತೆ, ಉತ್ತರ ಮಾತ್ರ ಅಸಂಬದ್ಧ. ಕಬ್ಬಿಗೆ ಯಾವ ಔಷಧ ಹೊಡೀಬೇಕು ಅಂತ ಕೇಳಿದವರಿಗೆ ಅದು ಏನು ಹೇಳಿತು ಅಂತ ನೋಡೋರು ಯಾರು?

"ಐದು ನಿಮಿಷಕ್ಕೊಮ್ಮೆ ತಾನೇ ಚೆಕ್ ಆಗೋ ಹಾಗೆ ಇಟ್ಟರೆ ಮುಗೀತಲ್ಲ" ಅಂತ ಕೇಳ್ತೀರಿ. ದೊಡ್ಡ ಕಂಪನಿಗೆ ಅದು ಸರಿ. ನಮ್ಮದು ಫ್ರೀ ಪ್ಲಾನ್. ಯಾರೂ ಬಳಸದಿದ್ದಾಗ ಸರ್ವರ್ ನಿದ್ದೆಗೆ ಹೋಗುತ್ತೆ. ಪದೇ ಪದೇ ಎಬ್ಬಿಸಿದರೆ ಕೋಟಾ ಖಾಲಿ. ಬೇಕಾದಾಗ ಮಾತ್ರ ಕೇಳೋದೇ ನಮಗೆ ಅಗ್ಗ.

ಇದಕ್ಕೂ ಒಂದು ನ್ಯಾಯವಾದ ಆಕ್ಷೇಪ ಇದೆ. ಬಟನ್ ಕೊಟ್ಟರೆ ಜನ ಒತ್ತುತ್ತಲೇ ಇರ್ತಾರೆ, ಪ್ರತಿ ಸಲವೂ ಟೋಕನ್ ಖರ್ಚು. ಕರೆಂಟ್ ಹೋದಾಗ ಊರಿಗೆ ಊರೇ ಲೈನ್‌ಮನ್‌ಗೆ ಫೋನ್ ಮಾಡಿದ ಹಾಗೆ. ಇದಕ್ಕೆ ಪರಿಹಾರ ಕಷ್ಟ ಅಲ್ಲ. ಉತ್ತರದ ಮಿತಿ ಕೆಲವೇ ಟೋಕನ್ ಇಡಿ. ಬಂದ ಫಲಿತಾಂಶವನ್ನು ಅರ್ಧ ನಿಮಿಷ ಉಳಿಸಿಕೊಂಡು ಮುಂದಿನವರಿಗೆ ಅದನ್ನೇ ತೋರಿಸಿ, ಯಾವಾಗ ಚೆಕ್ ಮಾಡಿದ್ದು ಅಂತ ಸಮಯವನ್ನೂ ಬರೆಯಿರಿ.

ಕೊನೆಗೆ, ಈ ಮಾಹಿತಿ ಯಾರಿಗೆ ಸೇರಬೇಕು ಅನ್ನೋ ಪ್ರಶ್ನೆ. ಹುಕ್ಕೇರಿಯಲ್ಲಿ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಶುರುವಾಯ್ತು. ಅಲ್ಲಿ ಕರೆಂಟ್ ಬಳಸೋರೇ ಸಂಘದ ಸದಸ್ಯರು. ಆದ್ದರಿಂದ "ಯಾಕೆ ಹೋಯ್ತು, ಯಾವಾಗ ಬರುತ್ತೆ" ಅಂತ ಕೇಳೋದು ಅವರಿಗೆ ಹಕ್ಕು. ನಮ್ಮ ಆ್ಯಪ್ ಬಳಸೋರಿಗೂ ಅಷ್ಟು ಹಕ್ಕು ಇರಲಿ. "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಅಂತ ತೋರಿಸಿದರೆ ಜನ ತಮ್ಮ ಫೋನನ್ನೇ, ತಮ್ಮ ಮಾತನ್ನೇ ಅನುಮಾನಿಸ್ತಾರೆ. ಹೊಸದಾಗಿ ಫೋನ್ ಕಲಿತ ಅಜ್ಜಿಯಂತೂ "ನಂಗ ಬರಂಗಿಲ್ಲ ಬಿಡು" ಅಂತ ಪಕ್ಕಕ್ಕೆ ಇಟ್ಟುಬಿಡ್ತಾಳೆ. ಅದರ ಬದಲು ಮೂರೇ ಮಾತು ಸಾಕು: "ತಯಾರಿದೆ", "ಲೋಡ್ ಆಗ್ತಿದೆ, ಸ್ವಲ್ಪ ಕಾಯಿರಿ", "ನಮ್ಮ ಕಡೆ ಕೆಟ್ಟಿದೆ".

ಈ ಸೆಮಿಸ್ಟರ್ ಪ್ರಾಜೆಕ್ಟ್ ರಿವ್ಯೂನಲ್ಲಿ ನಮ್ಮ ಗೈಡ್‌ಗಳು ಆ್ಯಕ್ಯುರೆಸಿ ಎಷ್ಟು ಅಂತ ಕೇಳೋ ಮೊದಲು ಈ ಬಟನ್ ತೋರಿಸಿ ಅಂತ ಕೇಳಲಿ. ಬರೆಯೋಕೆ ಒಂದು ಸಂಜೆ ಸಾಕು.