ಬಿಸಿಲು ಯಾರ ಬೆಳೆ?



ನಮ್ಮ ಬೆಂಗೇರಿಯ ಹೆಸರು ನಾಡಿನ ಆಚೆಗೂ ತಿಳಿದಿರುವುದು ರಾಷ್ಟ್ರಧ್ವಜದಿಂದ. 1957ರಲ್ಲಿ ಇಲ್ಲಿ ನೆಲೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜ ಸಿದ್ಧವಾಗುತ್ತದೆ; ಅದರ ಬಟ್ಟೆ ಬಾಗಲಕೋಟೆ ಜಿಲ್ಲೆಯ ಮಗ್ಗಗಳಿಂದ ಬರುತ್ತದೆ. ಉತ್ಪಾದನೆ ಹಳ್ಳಿಯ ಕೈಯಲ್ಲಿಯೇ ಉಳಿಯಬೇಕೆಂಬುದು ಖಾದಿಯ ಮೂಲ ತತ್ತ್ವ. ಅದೇ ಮಾತನ್ನು ವಿದ್ಯುತ್ತಿಗೆ ಅನ್ವಯಿಸಿದರೆ ಏನಾದೀತು ಎಂಬ ವಿಚಾರವನ್ನು ಈ ಸಲ ಎತ್ತಿಕೊಂಡಿದ್ದೇನೆ. ಗದಗ, ಕೊಪ್ಪಳ, ಧಾರವಾಡದ ಕಡೆಯ ನಮ್ಮ ಒಕ್ಕಲು ಮನೆತನಗಳ ಬಾಗಿಲಿಗೆ ಸೋಲಾರ್ ಹಾಗೂ ಗಾಳಿ ವಿದ್ಯುತ್ತಿನ ಕರಾರುಪತ್ರಗಳು ಬರುತ್ತಿರುವ ಕಾಲವಿದು. ಸಹಿ ಮಾಡುವುದೋ ಬಿಡುವುದೋ ಎಂಬ ಪ್ರಶ್ನೆ ಅನೇಕ ಕುಟುಂಬಗಳನ್ನು ಕಾಡುತ್ತಿದೆ.

ಮುಗಿದು ಹೋಗದ ಶಕ್ತಿಯಿಂದ ವಿದ್ಯುತ್ತು ಪಡೆಯುವುದು ಕನ್ನಡ ನಾಡಿಗೆ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತು. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಪೂರ್ಣಗೊಂಡು ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟಳು. ಆದರೆ ಹೊಲ ಮನೆ ಮುಳುಗಿದವರ ಹಕ್ಕುಪತ್ರದ ಪ್ರಶ್ನೆ ಅರ್ಧ ಶತಮಾನ ಕಳೆದರೂ ಇತ್ಯರ್ಥವಾಗದೆ ಉಳಿಯಿತು. ಬೆಳಕಿನ ಯೋಜನೆಯೊಂದು ಒಕ್ಕಲಿಗನಿಗೆ ಏನನ್ನು ಉಳಿಸಿತು ಎಂದು ಕೇಳುವ ಅಭ್ಯಾಸ ನಮಗಿರಬೇಕಾದುದು ಈ ಕಾರಣದಿಂದ.

ಪಾವಗಡದಲ್ಲಿ ಸರ್ಕಾರವು ಬೇರೆ ದಾರಿ ಹಿಡಿಯಿತು. ಸುಮಾರು 13,000 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದು, 2018ರಲ್ಲಿ ಉದ್ಘಾಟಿಸಿ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕನ್ನು ಕಟ್ಟಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಹೆಚ್ಚಳ. ಉತಾರದಲ್ಲಿ ರೈತನ ಹೆಸರು ಉಳಿಯಿತು. ಬರದಿಂದ ಬೆಂದ ಆ ತಾಲೂಕಿನಲ್ಲಿ ಇದು ಸಣ್ಣ ಮಾತಲ್ಲ. ಗುಳೆ ಹೋಗುತ್ತಿದ್ದ ಮನೆಗಳಿಗೆ ನಿಶ್ಚಿತ ವರಮಾನ ಬಂದಿತು. ಆದರೆ ಲೆಕ್ಕ ಹಾಕಿ ನೋಡಿರಿ. ಹತ್ತು ವರ್ಷಗಳಲ್ಲಿ ಐದು ಬಾರಿ ಏರಿದರೂ ಆ ಬಾಡಿಗೆ 26,800ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ಇಂದು 21,000ಕ್ಕೆ ಸಿಗುವ ಸಾಮಾನಿಗೆ ಆಗ 34,000 ದಾಟಿರುತ್ತದೆ. ಕಾಲು ಶತಮಾನಕ್ಕೂ ಮೀರಿದ ಕರಾರಿನಲ್ಲಿ ಈ ಅಂತರ ಎಲ್ಲಿಗೆ ಮುಟ್ಟೀತೆಂಬುದನ್ನು ಮನೆಯ ಓದಿದ ಮಕ್ಕಳಿಂದ ಹೇಳಿಸಿಕೊಳ್ಳಬಹುದು. ಇನ್ನೊಂದು ಮಾತು. ಬಾಡಿಗೆ ಬರುವುದು ಉತಾರದಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಹರಿಯುತ್ತಿದ್ದ ಭೂಮಿಯಿಲ್ಲದ ಕುಟುಂಬಕ್ಕೆ ಕೂಲಿ ಹೋಯಿತು, ಬಾಡಿಗೆಯಲ್ಲಿ ಪಾಲು ಬರಲಿಲ್ಲ. ದಾಸೋಹದ ಮಾತನ್ನಾಡುವ ನಾವು ಈ ಮನೆಗಳನ್ನು ಲೆಕ್ಕದಿಂದ ಹೊರಗಿಡಲಾಗದು.

ರೈತನೇ ಉತ್ಪಾದಕನಾಗಲಿ ಎಂದು ಹೊರಟ ನೀತಿಯೂ ನಮ್ಮ ರಾಜ್ಯದ್ದೇ. 2014ರ ಸೌರ ನೀತಿಯು ಜಮೀನುಳ್ಳ ರೈತರಿಗೆ 1ರಿಂದ 3 ಮೆಗಾವ್ಯಾಟ್ ಘಟಕಗಳನ್ನು ಮೀಸಲಿಟ್ಟಿತು. ಯೂನಿಟ್ಟಿಗೆ 8 ರೂಪಾಯಿ 40 ಪೈಸೆ ದರವೆಂದು ಒಪ್ಪಂದಗಳಾದವು. ಹದಿನೆಂಟು ತಿಂಗಳ ಗಡುವು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಬೇಕಿರಲಿಲ್ಲ. ಆದರೆ ಹೊಲವನ್ನು ಬಿನ್‌ಶೇತ್ಕಿ ಮಾಡಿಸದೆ ಘಟಕ ಏಳುವಂತಿರಲಿಲ್ಲ, ಬಿನ್‌ಶೇತ್ಕಿಯ ಕಡತ ಕಚೇರಿಯಿಂದ ಕಚೇರಿಗೆ ನಡೆಯುವ ವೇಗ ನಮಗೆಲ್ಲ ಗೊತ್ತಿದ್ದುದೇ. ಗಡುವು ಮೀರಿತು. ತಡವಾಯಿತೆಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹಲವರ ದರವನ್ನು ತಗ್ಗಿಸಿತು. ಹಿರೇಹಳ್ಳಿ ಸೋಲಾರ್ ಘಟಕದ ಪ್ರಕರಣದಲ್ಲಿ ಅದು 6 ರೂಪಾಯಿ 51 ಪೈಸೆಗೆ ಇಳಿದಿತ್ತು. ಆ ವ್ಯಾಜ್ಯವು ದೆಹಲಿಯ ಮೇಲ್ಮನವಿ ನ್ಯಾಯಾಧಿಕರಣವನ್ನು ದಾಟಿ ಸುಪ್ರೀಂ ಕೋರ್ಟನ್ನು ತಲುಪಿತು. ಸರ್ಕಾರಿ ಮಂಜೂರಾತಿಗಳ ವಿಳಂಬಕ್ಕೆ ಉತ್ಪಾದಕನನ್ನು ದಂಡಿಸಲಾಗದೆಂಬ ತೀರ್ಪನ್ನು 2024ರ ಆಗಸ್ಟಿನಲ್ಲಿ ಕೋರ್ಟು ಎತ್ತಿಹಿಡಿಯಿತು. ನ್ಯಾಯ ದೊರೆಯಿತು, ನಿಜ. ಆದರೆ ಬ್ಯಾಂಕಿನ ಬಡ್ಡಿ ಕಟ್ಟುತ್ತಾ ಅಷ್ಟು ವರ್ಷ ಕಾಯುವ ಶಕ್ತಿ ಎಷ್ಟು ರೈತರಿಗಿದ್ದೀತು? ಒಂದು ಇಲಾಖೆ ಉತ್ತೇಜನ ಕೊಟ್ಟು, ಇನ್ನೊಂದು ತಡಮಾಡಿ, ಮೂರನೆಯದು ಆ ತಡಕ್ಕೆ ದಂಡ ಹಾಕುವುದನ್ನು ಯಾವ ನೀತಿಯೆಂದು ಕರೆಯಬೇಕೋ ತಿಳಿಯದು.

ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಮ್ಮ ಭೂಸುಧಾರಣಾ ಕಾಯ್ದೆಯು 1974ರಿಂದ ಸಾಮಾನ್ಯವಾಗಿ ನಿಷೇಧಿಸಿರುವುದನ್ನೂ ಇಲ್ಲಿ ನೆನೆಯಬೇಕು. ಉಳುವವನನ್ನು ಕಾಯಲು ಬಂದ ಕಾನೂನದು. ಬಾಯಿಮಾತಿನ ಮೇಲೆ, ಸಾದಾ ಸ್ಟಾಂಪ್ ಕಾಗದದ ಮೇಲೆ ಹೊಲ ಕೊಟ್ಟವರು ಮುಂದೆ ಯಾವ ಕಟ್ಟೆಯ ಮೇಲೂ ನಿಂತು ವಾದಿಸಲಾರರು.

ಇನ್ನು ನೀರಿನ ಪಂಪು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ಉಚಿತ ವಿದ್ಯುತ್ತು ದೊರೆಯುತ್ತಿದೆಯಾದರೂ, ಕರೆಂಟು ಬರುವ ಹೊತ್ತಿಗಾಗಿ ರಾತ್ರಿಯೆಲ್ಲ ಹಾವು ಚೇಳಿನ ನಡುವೆ ಎಚ್ಚರವಿರುವ ಕಷ್ಟ ತಪ್ಪಲಿಲ್ಲ. ಬಿಸಿಲಿನ ಪಂಪು ಹಗಲಿನಲ್ಲಿ ನೀರು ಕೊಡುತ್ತದೆ. ಕೇಂದ್ರವು 2019ರಲ್ಲಿ ತಂದ ಕುಸುಮ್ ಯೋಜನೆಯಲ್ಲಿ ಕರ್ನಾಟಕವು ತನ್ನ ಸಹಾಯಧನವನ್ನು 2023ರಲ್ಲಿ ನೂರಕ್ಕೆ 30ರಿಂದ 50ಕ್ಕೆ ಏರಿಸಿತು. ಕೇಂದ್ರದ 30 ಸೇರಿದರೆ ರೈತನ ಪಾಲು 20 ಮಾತ್ರ. ಒಳ್ಳೆಯ ಕೆಲಸ. ಆದರೆ ದುಡ್ಡಿಲ್ಲದೆ ಬರುವ ಬಿಸಿಲು ಬೋರಿನ ತಳವನ್ನೇ ಬರಿದು ಮಾಡದಿರಲು ಏನುಪಾಯ? ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಮಿಕ್ಕ ವಿದ್ಯುತ್ತನ್ನು ನೀರೆತ್ತಲು ಬಳಸದೆ ಕಂಪನಿಗೆ ಮಾರಬಹುದೆಂಬುದೇ 2014ರ ‘ಸೂರ್ಯ ರೈತ’ ಯೋಜನೆಯ ತಿರುಳಾಗಿತ್ತು. ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ ಅದರ ಪ್ರಯೋಗ ನಡೆಯಿತು. ಗುಜರಾತಿನ ಢುಂಡಿ ಗ್ರಾಮದಲ್ಲಿಯೂ ಆರು ಮಂದಿ ರೈತರು ಸೌರ ಪಂಪುಗಳ ಸಹಕಾರಿ ಸಂಘವನ್ನು ಕಟ್ಟಿ, 2016ರಿಂದ ಮಿಕ್ಕ ವಿದ್ಯುತ್ತನ್ನು ಮಾರತೊಡಗಿದರು. ನೀರು ನೆಲದಲ್ಲಿ ಉಳಿದರೆ ಹಣ ಬರುವ ಈ ಏರ್ಪಾಡು ನಮ್ಮ ನಾಡಿನಲ್ಲಿ ಒಂದು ಪ್ರಯೋಗವಾಗಿ ನಿಂತುಬಿಡಬಾರದಿತ್ತು.

ಸಹಕಾರದ ಮಾತು ಬಂದರೆ ನಾವು ಗುಜರಾತಿನವರೆಗೆ ಹೋಗಬೇಕಾಗಿಯೂ ಇಲ್ಲ. ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಂಘವನ್ನು ಕಟ್ಟಿ ದೇಶಕ್ಕೆ ದಾರಿ ತೋರಿದರು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ತಾಲೂಕಿಗೆ ತಾನೇ ವಿದ್ಯುತ್ತು ಹಂಚುತ್ತ ಬಂದಿದೆ. ಕೊಂಡು ಹಂಚುವುದು ರೈತರ ಸಂಘಕ್ಕೆ ಸಾಧ್ಯವಾದರೆ, ಮಸಾರಿಯ ಬೀಳು ಭೂಮಿಯಲ್ಲಿ ಉತ್ಪಾದಿಸುವುದೂ ಸಾಧ್ಯವಾಗಬೇಕು. ಕುಸುಮ್ ಯೋಜನೆಯು ಎರಡು ಮೆಗಾವ್ಯಾಟ್‌ವರೆಗಿನ ಘಟಕಗಳಿಗೆ ರೈತ ಗುಂಪುಗಳನ್ನೂ ಸಹಕಾರಿ ಸಂಘಗಳನ್ನೂ ಪಂಚಾಯತಿಗಳನ್ನೂ ಅರ್ಹರೆಂದು ಎಣಿಸಿತ್ತು. ಬಂಡವಾಳ ಹೊಂದಿಸುವುದು ಸುಲಭವಲ್ಲ. ನಮ್ಮಲ್ಲಿ ಸಮಾಜದ ಹೆಸರಿನ ಪತ್ತಿನ ಸಂಘಗಳಿಗೂ ಬ್ಯಾಂಕುಗಳಿಗೂ ಕೊರತೆಯಿಲ್ಲ. ಕಲ್ಯಾಣ ಮಂಟಪಕ್ಕೆ ಸಾಲ ಕೊಡುವಷ್ಟೇ ಉತ್ಸಾಹದಿಂದ ಇದನ್ನೂ ಅವು ಪರಿಶೀಲಿಸಬಹುದು.

ಒಂಟಿಯಾಗಿ ಕರಾರಿಗೆ ಸಹಿ ಮಾಡಲೇಬೇಕಾದ ಮನೆಗಳಿಗೆ ಇಷ್ಟು ಹೇಳುತ್ತೇನೆ. ಜೋಳ, ಕಡಲೆ ಬೆಳೆಯುವ ಎರಿ ಹೊಲವನ್ನು ಮೊದಲು ಬದಿಗಿಡಿರಿ. ಕರಾರನ್ನು ಕನ್ನಡದಲ್ಲಿ ಕೇಳಿರಿ, ನಿಮ್ಮ ಕಡೆಯ ವಕೀಲರಿಗೆ ತೋರಿಸಿರಿ. ಉತಾರದಲ್ಲಿ ಅಕ್ಕ ತಂಗಿಯರ ಹೆಸರಿದ್ದರೆ ಅವರನ್ನು ಕೂಡಿಸಿಕೊಂಡೇ ಮಾತಿಗೆ ಕುಳಿತುಕೊಳ್ಳಿರಿ. ಬಾಡಿಗೆಯಲ್ಲಿ ಅವರ ಪಾಲು ಅವರ ಖಾತೆಗೇ ಹೋಗಲಿ. ಕಂಪನಿಯು ಕರಾರನ್ನು ಬೇರೊಬ್ಬರಿಗೆ ಮಾರಿದರೆ ಬಾಡಿಗೆಯ ಹೊಣೆ ಯಾರದು ಎಂಬುದು ಬರಹದಲ್ಲಿರಬೇಕು. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು, ಗಾಜು, ತಂತಿಗಳನ್ನು ಯಾರ ಖರ್ಚಿನಲ್ಲಿ ಕಿತ್ತು ಹೊಲವನ್ನು ಹಸನು ಮಾಡಿಕೊಡಬೇಕೆಂಬ ಕಲಮನ್ನು ಹುಡುಕಿರಿ. ಸಿಗದಿದ್ದರೆ ಸಹಿಗೆ ಮುಂಚೆ ಅದನ್ನು ಬರೆಯಿಸಿರಿ.